ಹೆಣ್ಣು ಕೂಸಿನ ನಡುವಿನ ಹೆಸರು

ನಮ್ಮ ವಿಜಯಪುರ ಸೀಮೆಯಲ್ಲಿ ಮನುಷ್ಯನ ಹೆಸರು ಮೂರು ಅಂಕಣದ ಮನೆಯಿದ್ದಂತೆ. ಮೊದಲ ಅಂಕಣ ಸ್ವಂತದ್ದು, ನಡುವಿನದು ತಂದೆಯದು, ಕೊನೆಯದು ಮನೆತನದ ಅಡ್ಡಹೆಸರು. ವಿಜಾಪುರವನ್ನೇ ಕರ್ಮಭೂಮಿಯಾಗಿಸಿಕೊಂಡ ವಚನಪಿತಾಮಹ ಫ. ಗು. ಹಳಕಟ್ಟಿಯವರ ಪೂರ್ಣ ಹೆಸರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿ. ನಮ್ಮ ಸಿಂದಗಿ ಭಾಗದಲ್ಲಿ ಹುಟ್ಟಿದ ಎಂ. ಎಂ. ಕಲಬುರ್ಗಿಯವರು ಮಲ್ಲೇಶಪ್ಪ ಮಡಿವಾಳಪ್ಪ ಕಲಬುರ್ಗಿ. 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿದ್ದ ಜಿಲ್ಲೆಗಳಲ್ಲೆಲ್ಲ ಇದೇ ರೂಢಿ. ಹಳೆಯ ಮೈಸೂರಿನ ಕಡೆಯ ಪದ್ಧತಿ ಬೇರೆ. ಅಲ್ಲಿ ಊರು ಮೊದಲು, ಅನಂತರ ತಂದೆ, ಕಟ್ಟಕಡೆಗೆ ತಾನು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಂತೆ.

ಈ ನಡುವಿನ ಹೆಸರು ಅಲಂಕಾರಕ್ಕಾಗಿ ಬಂದದ್ದಲ್ಲ. ಬಬಲೇಶ್ವರದ ಬಸ್ ನಿಲ್ದಾಣದಲ್ಲಾಗಲಿ, ತಿಕೋಟಾದ ಸಂತೆಯಲ್ಲಾಗಲಿ, ಅಪರಿಚಿತ ಹುಡುಗಿಯನ್ನು ಕಂಡ ಹಿರಿಯರು ಕೇಳುವ ಮೊದಲ ಪ್ರಶ್ನೆ, "ಯಾರ ಮಗಳವ್ವಾ ನೀ?" ಎಂಬುದು. ಅದಕ್ಕೆ ಮುಂಚಿತವಾಗಿಯೇ ಬರೆದಿಟ್ಟ ಉತ್ತರವೇ ನಡುವಿನ ಹೆಸರು. ಒಂದೇ ಊರಿನಲ್ಲಿ ಹತ್ತು ಮಂದಿ ಬಸವರಾಜ ಬಿರಾದಾರರು ಇರುವಾಗ ತಂದೆಯ ಹೆಸರೇ ಅವರನ್ನು ಬೇರೆಬೇರೆಯಾಗಿ ಗುರುತಿಸುತ್ತದೆ. ಪದ್ಧತಿಯ ಉಪಯುಕ್ತತೆಯನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ತಕರಾರು ಇರುವುದು ಒಂದೇ ವಿಷಯದಲ್ಲಿ. ಗಂಡುಮಗುವಿಗೆ ನಡುವಿನ ಅಂಕಣ ಸ್ವಂತ ಮನೆ. ಹೆಣ್ಣುಮಗುವಿಗೆ ಮಾತ್ರ ಅದು ಬಾಡಿಗೆಯ ಮನೆ. ಮದುವೆಯ ದಿನ ಅವಳು ಅದನ್ನು ಖಾಲಿ ಮಾಡಿ ಹೊರಡಬೇಕು. ತಂದೆಯ ಹೆಸರಿದ್ದಲ್ಲಿ ಗಂಡನ ಹೆಸರು, ತವರಿನ ಅಡ್ಡಹೆಸರು ಇದ್ದಲ್ಲಿ ಗಂಡನ ಮನೆಯ ಅಡ್ಡಹೆಸರು ಬಂದು ಕೂಡುತ್ತವೆ. ಕೆಲವು ಮನೆತನಗಳಲ್ಲಿ ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಉಂಗುರದಿಂದ ಹೊಸ ಹೆಸರು ಬರೆಸಿ, ಮೊದಲನೆಯ ಅಂಕಣವನ್ನೂ ಬದಲಿಸುವ ರೂಢಿಯಿತ್ತು.

ಈ ವಿಚಾರ ಈಗೇಕೆ ಎಂದು ನೀವು ಕೇಳಬಹುದು. ನನ್ನ ತಂಗಿಯನ್ನು ಕೊಟ್ಟಿರುವುದು ಬಬಲೇಶ್ವರಕ್ಕೆ. ಅವಳ ಮಗಳು ಬಾಣಂತನಕ್ಕೆಂದು ತವರಿಗೆ ಬಂದಿದ್ದಾಳೆ. ಹೆಣ್ಣು ಕೂಸು. ತೊಟ್ಟಿಲಿಗೆ ಹಾಕುವ ದಿನ ಗೊತ್ತಾಗಿದೆ, ಗುಗ್ಗರಿಗೆ ಕಾಳು ತಂದಾಗಿದೆ, ಸ್ವಂತ ಹೆಸರಿನ ಬಗೆಗೆ ಎರಡೂ ಮನೆಯವರು ಒಪ್ಪಿದ್ದಾರೆ. ನಿಂತಿರುವುದು ನಡುವಿನ ಹೆಸರಿನ ವಿಷಯ. ಕೂಸಿನ ತಂದೆಯೇ, ಅಂದರೆ ನಮ್ಮ ಅಳಿಯನೇ, ಆ ಜಾಗದಲ್ಲಿ ತಾಯಿಯ ಹೆಸರಿರಲಿ ಎಂದಿದ್ದಾನೆ. "ದೊಡ್ಡವ್ವಾ, ನಿನಗ ಏನ ಅನಸ್ತದ, ಹೇಳು" ಎಂದು ಮಗಳು ಫೋನಿನಲ್ಲಿ ಕೇಳಿದಳು. ಅವಳ ಹಿಂದಿನಿಂದ ನನ್ನ ತಂಗಿಯ ಧ್ವನಿ ಕೇಳಿಸಿತು: "ಅಪ್ಪ ಇದ್ದ ಕೂಸಿಗೆ ಅವ್ವನ ಹೆಸರ ಯಾಕ ಬೇಕು? ಮಂದಿ ಏನಂದಾರು?"

ನನ್ನ ಅಭಿಪ್ರಾಯವನ್ನು ಅವಳಿಗೆ ಹೇಳಿದ್ದೇನೆ. ಇದೇ ಪ್ರಶ್ನೆ ನನ್ನ ಅನೇಕ ವಿದ್ಯಾರ್ಥಿನಿಯರ ಮನೆಗಳಲ್ಲೂ ಏಳುತ್ತಿರುವುದನ್ನು ಬಲ್ಲೆನಾದ್ದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಮೊದಲು ಬಾಡಿಗೆಯ ಮನೆಯ ಕಷ್ಟವನ್ನು ಹೇಳುತ್ತೇನೆ. ನನ್ನ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ, ಪದವಿ ಪ್ರಮಾಣಪತ್ರದಲ್ಲಿ, ಬಿ.ಎಡ್. ಪ್ರಮಾಣಪತ್ರದಲ್ಲಿ ಇರುವುದು ತಂದೆಯ ಹೆಸರು ಮತ್ತು ತವರಿನ ಅಡ್ಡಹೆಸರು. ಸೇವಾ ಪುಸ್ತಕದಲ್ಲಿ ಇರುವುದು ಪತಿಯ ಹೆಸರು ಮತ್ತು ಅವರ ಮನೆತನದ ಅಡ್ಡಹೆಸರು. ಮೂರು ದಶಕಗಳ ಕಾಲ ಪಾಠ ಹೇಳಿದ ಮೇಲೆ ನಿವೃತ್ತಿ ವೇತನದ ಕಾಗದಪತ್ರ ಸಿದ್ಧವಾಗುವ ಹೊತ್ತಿಗೆ, ಕಚೇರಿಯೊಂದರ ಮೇಜಿನ ಆಚೆಗೆ ಕುಳಿತವರು, "ಈ ಇಬ್ಬರೂ ಒಬ್ಬರೇ ಅನ್ನೋದಕ್ಕ ಏನ್ ಪುರಾವೆ ಐತ್ರಿ ಮೇಡಂ?" ಎಂದು ಕೇಳಿದರು. ಪುರಾವೆ ಅವರ ಎದುರಿಗೇ ನಿಂತಿತ್ತು. ಆದರೆ ಕಾಗದಕ್ಕೆ ಕಾಗದವೇ ಪುರಾವೆ. ಛಾಪಾ ಕಾಗದದ ಮೇಲೆ ಪ್ರಮಾಣಪತ್ರ ಮಾಡಿಸಿ, ನೋಟರಿಯ ಸಹಿ ಹಾಕಿಸಿ, ಲಗ್ನಪತ್ರಿಕೆ ಹುಡುಕಿ ತೆಗೆದು, ನಾನೇ ನಾನು ಎಂಬುದನ್ನು ಸಾಧಿಸಿ ತೋರಿಸಿದೆ. ನನ್ನ ಪತಿಯೂ ಶಿಕ್ಷಕರಾಗಿಯೇ ನಿವೃತ್ತರಾದವರು. ಅವರ ಕಾಗದಗಳಿಗೆ ಇಂಥ ಪ್ರಶ್ನೆ ಬರಲಿಲ್ಲ. ಬರುವ ಕಾರಣವೂ ಇರಲಿಲ್ಲ. ಹುಟ್ಟಿದಾಗ ಇದ್ದ ಹೆಸರೇ ನಿವೃತ್ತಿಯ ದಿನವೂ ಇತ್ತು.

ನನಗೆ ಅಕ್ಷರವಿತ್ತು, ಓಡಾಡುವ ಶಕ್ತಿಯಿತ್ತು, ನೋಟರಿಗೆ ಕೊಡಲು ಹಣವಿತ್ತು. ಇವು ಯಾವುವೂ ಇಲ್ಲದವರ ಪಾಡನ್ನು ಯೋಚಿಸಿ. ತಂದೆಯ ಹೊಲದಲ್ಲಿ ಹೆಣ್ಣುಮಗಳ ಹಕ್ಕು ಇಂದು ಕಾನೂನಿನಲ್ಲಿ ಗಟ್ಟಿಯಾಗಿದೆ. ನಮ್ಮ ರಾಜ್ಯದ ತಿದ್ದುಪಡಿ 1994ರಲ್ಲಿ ಬಂದಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಂತೆ ಪಾಲು ಕೊಟ್ಟಿತು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಆದರೆ ತಂದೆ ತೀರಿದ ಮೇಲೆ ವಾರಸಾ ಮಾಡಿಸಿ ಉತಾರದಲ್ಲಿ ಹೆಸರು ಬರಬೇಕಾದರೆ ವಂಶಾವಳಿಯಲ್ಲಿರುವ ಮಗಳು ಮತ್ತು ಆಧಾರ್ ಕಾರ್ಡಿನಲ್ಲಿರುವ ಹೆಂಡತಿ ಒಬ್ಬಳೇ ಎಂದು ತಾಳೆಯಾಗಬೇಕು. ಅಣ್ಣತಮ್ಮಂದಿರಿಗೆ ಪ್ರೀತಿಯಿದ್ದರೆ ಆ ತಾಳೆ ಒಂದು ದಿನದ ಕೆಲಸ. ಪ್ರೀತಿ ಇಲ್ಲದಿದ್ದರೆ, ಅವಳ ಎರಡು ಹೆಸರುಗಳ ನಡುವಿನ ಬಿರುಕಿನಲ್ಲಿಯೇ ಅವಳ ಪಾಲು ಜಾರಿಹೋಗುತ್ತದೆ.

ಸರಕಾರದ ಯೋಜನೆಗಳಲ್ಲಿಯೂ ಇದೇ ಕಥೆ. 2006ರ ಮಾರ್ಚ್ 31ರ ನಂತರ ಬಡ ಕುಟುಂಬಗಳಲ್ಲಿ ಜನಿಸಿದ ಹೆಣ್ಣುಮಕ್ಕಳಿಗೆ ಭಾಗ್ಯಲಕ್ಷ್ಮಿ ಬಾಂಡ್ ಬಂದಿತು. ಆ ಮೊದಲ ತಂಡದ ಹುಡುಗಿಯರಿಗೆ 2024ರಲ್ಲಿ 18 ವರ್ಷ ತುಂಬಿತು. ಬಾಂಡಿನ ಮೇಲಿನ ಹೆಸರು, ಆಧಾರ್ ಹೆಸರು, ಬ್ಯಾಂಕ್ ಖಾತೆಯ ಹೆಸರು ಮೂರೂ ಒಂದೇ ಆಗಿರಬೇಕಲ್ಲವೇ? 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಯೋಜನೆ ಆರಂಭವಾದಾಗ ತಿಂಗಳಿಗೆ 2000 ರೂಪಾಯಿಗಾಗಿ ಹೆಂಗಸರು ಸೇವಾ ಕೇಂದ್ರಗಳ ಮುಂದೆ ಸಾಲುಗಟ್ಟಿದ್ದನ್ನು ನೀವೆಲ್ಲ ಕಂಡಿದ್ದೀರಿ. ಪಡಿತರ ಚೀಟಿಯಲ್ಲಿ ಗಂಡನ ಹೆಸರು, ಬ್ಯಾಂಕಿನಲ್ಲಿ ತಂದೆಯ ಹೆಸರು ಎಂದು ತಿದ್ದಿಸುತ್ತ ದಿನಗಟ್ಟಲೆ ಅಲೆದವರು ನಮ್ಮ ನೆರೆಹೊರೆಯಲ್ಲಿಯೇ ಇದ್ದಾರೆ.

ಮದುವೆಯಾದ ಮೇಲೆ ಹೆಣ್ಣು ಹೆಸರು ಬದಲಿಸಲೇಬೇಕೆಂದು ನಮ್ಮ ದೇಶದ ಯಾವ ಕಾನೂನೂ ಹೇಳುವುದಿಲ್ಲ. ಇದು ಕೇವಲ ರೂಢಿ. ರೂಢಿ ಬೇರೆಡೆ ಬೇರೆ ರೀತಿ ಇರಬಹುದೆಂಬುದಕ್ಕೆ ದೂರದ ಐಸ್‌ಲ್ಯಾಂಡ್ ದೇಶದ ಉದಾಹರಣೆ ಕೊಡಬಹುದು. ಅಲ್ಲಿಯೂ ನಮ್ಮಂತೆಯೇ ತಂದೆಯ ಹೆಸರಿನಿಂದ ಗುರುತು. ಹೆಸರಿನ ಕೊನೆಗೆ 'ಇಂಥವನ ಮಗಳು' ಎಂದೇ ಬರುತ್ತದೆ. 1980ರಿಂದ 1996ರವರೆಗೆ ಅಲ್ಲಿಯ ಅಧ್ಯಕ್ಷರಾಗಿದ್ದ ವಿಗ್ದಿಸ್ ಫಿನ್‌ಬೋಗಾದೋತ್ತಿರ್ ಅವರ ಹೆಸರಿನ ಅರ್ಥ 'ಫಿನ್‌ಬೋಗಿಯ ಮಗಳು ವಿಗ್ದಿಸ್'. ಆದರೆ ಮದುವೆಯಾದರೂ ಅಲ್ಲಿಯ ಮಗಳು ಮಗಳಾಗಿಯೇ ಉಳಿಯುತ್ತಾಳೆ. ಇಚ್ಛೆಯಿದ್ದರೆ ತಂದೆಯ ಬದಲು ತಾಯಿಯ ಹೆಸರನ್ನೂ ಇಟ್ಟುಕೊಳ್ಳಬಹುದು. ಸ್ಪೇನ್ ದೇಶದವರು ತಂದೆಯದೊಂದು, ತಾಯಿಯದೊಂದು ಎಂದು ಎರಡು ಕುಲನಾಮ ಇಟ್ಟುಕೊಳ್ಳುತ್ತಾರೆ. ಮದುವೆಯಾದ ಹೆಣ್ಣು ಅವನ್ನು ಬಿಡುವುದಿಲ್ಲ.

ಅಷ್ಟು ದೂರ ಏಕೆ ಹೋಗಬೇಕು? ತಾಯಿಯ ಹೆಸರು ಹೊತ್ತು ಮೆರೆದವರು ನಮ್ಮಲ್ಲೇ ಬೇಕಾದಷ್ಟು ಜನ ಇದ್ದಾರೆ. ಶಾತವಾಹನ ಅರಸ ಗೌತಮೀಪುತ್ರ ಶಾತಕರ್ಣಿ ತಾಯಿಯ ಕಡೆಯ ಹೆಸರಿನಿಂದಲೇ ಇತಿಹಾಸದಲ್ಲಿ ಪ್ರಸಿದ್ಧ. ನಮ್ಮ ನೆರೆಯ ಬಾದಾಮಿಯ ಚಾಲುಕ್ಯರು ಶಾಸನಗಳಲ್ಲಿ ತಮ್ಮನ್ನು 'ಹಾರೀತೀಪುತ್ರ'ರೆಂದು ಕರೆದುಕೊಂಡರು. ಬಾಗೇವಾಡಿಯ ಬಸವಣ್ಣನವರ ಸೋದರಳಿಯ ಚನ್ನಬಸವಣ್ಣನನ್ನು ಜನ ಅಕ್ಕನಾಗಮ್ಮನ ಮಗನೆಂದೇ ಬಲ್ಲರು. ಇವೆಲ್ಲಕ್ಕಿಂತ ನಮಗೆ ಹತ್ತಿರದವರು ಧಾರವಾಡದ ಬೇಂದ್ರೆ. ಅವರ ಕಾಗದದ ಹೆಸರು ದತ್ತಾತ್ರೇಯ ರಾಮಚಂದ್ರ ಬೇಂದ್ರೆ. ನಡುವೆ ತಂದೆ ರಾಮಚಂದ್ರರು. ಆದರೆ ಕವಿತೆ ಬರೆಯುವಾಗ ಅವರು 'ಅಂಬಿಕಾತನಯದತ್ತ' ಆದರು. ಅಂಬಿಕೆಯ ಮಗ ದತ್ತ. ಸಂಬಳದ ಪಟ್ಟಿಗೆ ಅಪ್ಪನ ಹೆಸರು, ಹಾಡಿಗೆ ಅವ್ವನ ಹೆಸರು! ಅದನ್ನು ಕಂಡು ಯಾರೂ ಬೇಂದ್ರೆಯವರಿಗೆ ತಂದೆಯಿರಲಿಲ್ಲವೇ ಎಂದು ಕೇಳಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ತರಗತಿಯಲ್ಲಿ ತದ್ಧಿತ ನಾಮಗಳನ್ನು ಕಲಿಸುವಾಗ ನನಗೆ ಇದು ಪದೇ ಪದೇ ಹೊಳೆಯುತ್ತಿತ್ತು. ಕೌಂತೇಯ, ರಾಧೇಯ, ಸೌಮಿತ್ರಿ, ಆಂಜನೇಯ, ಸೌಭದ್ರ. ಇವರೆಲ್ಲ ತಾಯಿಯ ಹೆಸರಿನಿಂದ ಹೆಸರಾದವರು, ಎಲ್ಲರೂ ಗಂಡುಮಕ್ಕಳು. ಇನ್ನು ಹೆಣ್ಣುಮಕ್ಕಳನ್ನು ನೋಡಿ. ಜಾನಕಿ ಜನಕನ ಮಗಳು, ದ್ರೌಪದಿ ದ್ರುಪದನ ಮಗಳು, ಪಾರ್ವತಿ ಪರ್ವತರಾಜನ ಮಗಳು. ಕುಂತಿ ಎಂಬ ಹೆಸರು ಕೂಡ ಅವಳನ್ನು ಸಾಕಿದ ಕುಂತಿಭೋಜನಿಂದಲೇ ಬಂದದ್ದು. ತಾಯಿಯ ಹೆಸರನ್ನು ಬಿರುದಿನಂತೆ ಧರಿಸುವ ಭಾಗ್ಯ ಗಂಡುಮಕ್ಕಳಿಗೆ ದೊರೆಯಿತು. ತಾಯಿಯಂತೆಯೇ ಹೆಣ್ಣಾಗಿ ಹುಟ್ಟಿದ ಮಗಳಿಗೆ ದೊರೆಯಲಿಲ್ಲ. ಹನ್ನೆರಡನೆಯ ಶತಮಾನದ ವಚನಕಾರ್ತಿಯರಲ್ಲೂ ಹಲವರನ್ನು ನಾವು ತಿಳಿದಿರುವುದು ಗಂಡನ ಹೆಸರಿನ ಮೂಲಕ: ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ, ಹಡಪದ ಅಪ್ಪಣ್ಣಗಳ ಪುಣ್ಯಸ್ತ್ರೀ ಲಿಂಗಮ್ಮ. ಮಾತು ಅವರ ಸ್ವಂತದ್ದು, ವಿಳಾಸ ಮಾತ್ರ ಗಂಡಂದಿರದು. ಆದ್ದರಿಂದ ಗಂಡುಮಗುವಿನ ಹೆಸರಿನಲ್ಲಿ ತಾಯಿ ಬಂದರೆ ಅದು ಹಳೆಯ ಸಂಪ್ರದಾಯ. ಹೆಣ್ಣುಮಗುವಿನ ಹೆಸರಿನಲ್ಲಿ ಬಂದರೆ ಮಾತ್ರ ಅದು ಹೊಸದು, ನ್ಯಾಯವಾದದ್ದು.

ಈ ವಿಷಯದಲ್ಲಿ ನೆರೆಯ ರಾಜ್ಯ ನಮಗಿಂತ ಒಂದು ಹೆಜ್ಜೆ ಮುಂದಿಟ್ಟಿದೆ. 2024ರ ಮಾರ್ಚಿನಲ್ಲಿ ಮಹಾರಾಷ್ಟ್ರ ಸಚಿವ ಸಂಪುಟ ಒಂದು ನಿರ್ಣಯ ಕೈಗೊಂಡಿತು. 2024ರ ಮೇ 1ರಂದು ಮತ್ತು ಅನಂತರ ಹುಟ್ಟಿದ ಮಕ್ಕಳ ಹೆಸರನ್ನು ಸರಕಾರಿ ದಾಖಲೆಗಳಲ್ಲಿ ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮದಲ್ಲಿ ಬರೆಯಬೇಕೆಂಬುದು ಆ ನಿರ್ಣಯ. ಅದೇ ವರ್ಷ ಡಿಸೆಂಬರ್ 5ರಂದು ಅಲ್ಲಿಯ ಮುಖ್ಯಮಂತ್ರಿ ಪ್ರಮಾಣವಚನ ಸ್ವೀಕರಿಸುವಾಗ ತಮ್ಮ ತಾಯಿ ಸರಿತಾ ಅವರ ಹೆಸರನ್ನು ಸೇರಿಸಿಯೇ ತಮ್ಮ ಹೆಸರು ಹೇಳಿದರು. ನಮ್ಮ ತಿಕೋಟಾ ತಾಲೂಕಿನ ಗಡಿ ದಾಟಿದರೆ ಸಾಂಗಲಿ ಜಿಲ್ಲೆಯ ಜತ್ತ. ಅಲ್ಲಿಯೂ, ಸೊಲ್ಲಾಪುರ, ಅಕ್ಕಲಕೋಟೆಗಳಲ್ಲಿಯೂ ಕನ್ನಡ ಮಾತನಾಡುವ ನಮ್ಮ ಬೀಗರು ಬಿಜ್ಜರು ಇದ್ದಾರೆ. ಒಂದೇ ಮನೆತನದ ಎರಡು ಕೂಸುಗಳಲ್ಲಿ ಜತ್ತದಲ್ಲಿ ಹುಟ್ಟಿದ್ದಕ್ಕೆ ತಾಯಿಯ ಹೆಸರು ನಿಯಮದಂತೆ ಬರುತ್ತದೆ; ಬಬಲೇಶ್ವರದಲ್ಲಿ ಹುಟ್ಟಿದ್ದಕ್ಕೆ ಅದು ಹೆತ್ತವರ ಇಚ್ಛೆಗೆ ಬಿಟ್ಟದ್ದು.

ಆದರೆ ಆ ನಿರ್ಣಯವೂ ಅರ್ಧದಾರಿಗೇ ನಿಂತಿದೆಯೆಂದು ನನ್ನ ಅಭಿಪ್ರಾಯ. ವಿವಾಹಿತ ಸ್ತ್ರೀಯ ವಿಷಯದಲ್ಲಿ ತನ್ನ ಹೆಸರು, ಗಂಡನ ಹೆಸರು, ಅಡ್ಡಹೆಸರು ಎಂಬ ಹಿಂದಿನ ಪದ್ಧತಿಯನ್ನೇ ಅದು ಮುಂದುವರಿಸಿದೆ. ಅಂದರೆ ಇಂದು ಮಗಳ ಹೆಸರಿನಲ್ಲಿ ಪ್ರವೇಶ ಪಡೆದ ತಾಯಿ, ಇಪ್ಪತ್ತೈದು ವರ್ಷಗಳ ನಂತರ ಮಗಳ ಮದುವೆಯ ದಿನ ತಂದೆಯೊಡನೆ ತಾನೂ ಹೊರಗೆ ಹೋಗಬೇಕಾದೀತು. ಬಾಡಿಗೆಯ ಮನೆಗೆ ಇನ್ನೊಬ್ಬರು ಬಂದರೆಂಬ ಮಾತ್ರಕ್ಕೆ ಅದು ಸ್ವಂತದ್ದಾಗುವುದಿಲ್ಲ.

ಇನ್ನು ನನ್ನ ತಂಗಿಯ ಪ್ರಶ್ನೆಗೆ ಬರುತ್ತೇನೆ. "ಮಂದಿ ಏನಂದಾರು?" ಎಂಬ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಬಬಲೇಶ್ವರದಂಥ ಊರಿನಲ್ಲಿ ಮಂದಿಯ ನಡುವೆಯೇ ಬದುಕು. ತಾಯಿಯ ಹೆಸರನ್ನು ನಡುವೆ ಇಟ್ಟುಕೊಂಡ ಮಗುವನ್ನು ಕಂಡರೆ ನಮ್ಮ ಭಾಗದಲ್ಲಿ ಒಂದು ಸಂಶಯ ಏಳುತ್ತದೆ. ಅದು ಯಾವ ಸಂಶಯವೆಂದು ಬಾಯಿಬಿಟ್ಟು ಹೇಳದಿದ್ದರೂ ಎಲ್ಲರಿಗೂ ಗೊತ್ತು.

ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೊದಲಾದ ಜಿಲ್ಲೆಗಳಲ್ಲಿ ದೇವದಾಸಿ ಪದ್ಧತಿಗೆ ಬಲಿಯಾದ ತಾಯಂದಿರ ಮಕ್ಕಳು ನಮ್ಮ ಶಾಲೆಗಳಲ್ಲಿ ಓದಿದ್ದಾರೆ. ಪದ್ಧತಿಯನ್ನು ನಿಷೇಧಿಸುವ ರಾಜ್ಯದ ಕಾಯ್ದೆ 1982ರದು. ಕಾಯ್ದೆ ಬಂದ ಮೇಲೂ ಮಕ್ಕಳ ಪ್ರವೇಶ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗ ಹಾಗೆಯೇ ಇತ್ತು. ಹತ್ತನೆಯ ತರಗತಿಯ ಪರೀಕ್ಷೆಗೆ ಅರ್ಜಿ ತುಂಬುವ ದಿನಗಳಲ್ಲಿ ಒಬ್ಬೊಬ್ಬರನ್ನೇ ಮೇಜಿನ ಬಳಿ ಕರೆದು ಹೆಸರಿನ ಅಕ್ಷರಗಳನ್ನು ತಾಳೆ ನೋಡುತ್ತಿದ್ದೆವು. ಒಮ್ಮೆ ಹುಡುಗಿಯೊಬ್ಬಳು ಸರದಿ ಬಂದಾಗ ನೆಲ ನೋಡುತ್ತ ನಿಂತಳು. ಕೊನೆಗೆ ಮೆಲುದನಿಯಲ್ಲಿ ಒಂದು ಹೆಸರು ಹೇಳಿದಳು. ಅದು ಅವಳ ಸೋದರಮಾವನ ಹೆಸರೆಂಬುದು ನನಗೂ ತಿಳಿದಿತ್ತು, ಹಿಂದೆ ಸಾಲಿನಲ್ಲಿ ನಿಂತವರಿಗೂ ತಿಳಿದಿತ್ತು. ಅಷ್ಟು ಹೊತ್ತು ಗಲಾಟೆ ಮಾಡುತ್ತಿದ್ದ ಸಾಲು ಗಪ್ಪಾಯಿತು. ಆ ಹುಡುಗಿಯನ್ನು ಹೆತ್ತು, ಕೂಲಿ ಮಾಡಿ ಸಾಕಿ, ಹತ್ತನೆಯ ತರಗತಿಯವರೆಗೆ ತಂದವಳ ಹೆಸರು ಹೇಳಲು ಆ ಕಾಗದದಲ್ಲಿ ಜಾಗವಿರಲಿಲ್ಲ.

ಅಂದಿನಿಂದ ಇಂದಿಗೆ ಎಷ್ಟೋ ಬದಲಾಗಿದೆ. ತಾಯಿಯೂ ಮಗುವಿನ ಸಹಜ ಪಾಲಕಳೆಂದು ಸರ್ವೋಚ್ಚ ನ್ಯಾಯಾಲಯ 1999ರಲ್ಲಿ ಗೀತಾ ಹರಿಹರನ್ ಅವರ ಪ್ರಕರಣದಲ್ಲಿ ಎತ್ತಿಹಿಡಿಯಿತು. ಅವಿವಾಹಿತ ತಾಯಿ ತಂದೆಯ ಹೆಸರು ಹೇಳದೆಯೇ ಮಗುವಿನ ಜನನ ಪ್ರಮಾಣಪತ್ರ ಪಡೆಯಬಹುದೆಂದು 2015ರಲ್ಲಿ ಹೇಳಿತು. 2016ರ ಡಿಸೆಂಬರಿನಿಂದ ಪಾಸ್‌ಪೋರ್ಟ್ ಅರ್ಜಿಗೆ ತಂದೆತಾಯಿಗಳಲ್ಲಿ ಒಬ್ಬರ ಹೆಸರು ಸಾಕು. ತಾಯಿಯೊಬ್ಬಳೇ ಬೆಳೆಸಿದ ಮಕ್ಕಳು 2018ರ ಡಿಸೆಂಬರಿನಿಂದ ತಂದೆಯ ಹೆಸರಿಲ್ಲದೆ ಪ್ಯಾನ್ ಕಾರ್ಡ್ ಪಡೆಯಬಹುದು. ದೇವದಾಸಿ ತಾಯಂದಿರ ಮಕ್ಕಳನ್ನು ತಂದೆಯ ಹೆಸರು ಹೇಳುವಂತೆ ಒತ್ತಾಯಿಸಬಾರದೆಂಬ ಆಶಯದ ಹೊಸ ಮಸೂದೆಗೆ ನಮ್ಮ ವಿಧಾನಮಂಡಲ 2025ರಲ್ಲಿ ಒಪ್ಪಿಗೆ ಕೊಟ್ಟಿತು.

ಕಾನೂನು ಇಷ್ಟು ದಾರಿ ಮಾಡಿಕೊಟ್ಟಿದೆ. ಆದರೆ ಸಾಲಿನಲ್ಲಿ ಕವಿದ ಆ ಮೌನವನ್ನು ಕಾನೂನು ತೆಗೆಯಲಾರದು. ಅದನ್ನು ತೆಗೆಯಬಲ್ಲವರು ನಾವು. ಹೇಗೆಂದರೆ, ಇಂದು ತಾಯಿಯ ಹೆಸರು ಕಳಂಕದಂತೆ ಕಾಣುವುದಕ್ಕೆ ಒಂದೇ ಕಾರಣವಿದೆ: ಬೇರೆ ಹೆಸರು ಇಲ್ಲದವರು ಮಾತ್ರ ಅದನ್ನು ಇಟ್ಟುಕೊಳ್ಳುತ್ತಾರೆ ಎಂಬ ಭಾವನೆ. ತಂದೆಯಿದ್ದ ಮಕ್ಕಳೂ, ಪಾಟೀಲರ, ಹಿರೇಮಠರ, ಬಡಿಗೇರರ, ರಾಠೋಡರ, ನದಾಫರ ಮನೆಯ ಮಕ್ಕಳೂ ತಾಯಿಯ ಹೆಸರನ್ನು ಸಂತೋಷದಿಂದ ನಡುವೆ ಇಟ್ಟುಕೊಂಡರೆ, ಹಾಜರಿ ಪುಸ್ತಕದಲ್ಲಿ ಯಾವ ಮಗುವೂ ಪ್ರತ್ಯೇಕವಾಗಿ ಎದ್ದು ಕಾಣುವುದಿಲ್ಲ. ಯಾರಿಗೆ ತಂದೆಯಿದ್ದಾನೆ, ಯಾರಿಗೆ ಇಲ್ಲ, ಯಾರಿಗೆ ಇದ್ದೂ ಇಲ್ಲ ಎಂಬುದನ್ನು ಹೆಸರು ಬಯಲು ಮಾಡುವುದಿಲ್ಲ. ನನ್ನ ತಂಗಿ ಕೇಳಿದ "ಅಪ್ಪ ಇದ್ದ ಕೂಸಿಗೆ ಯಾಕ ಬೇಕು?" ಎಂಬ ಪ್ರಶ್ನೆಗೆ ನನ್ನ ಉತ್ತರ ಇದೇ. ಅಪ್ಪ ಇದ್ದ ಕೂಸೇ ಈ ಕೆಲಸ ಮಾಡಬೇಕು. ಇಲ್ಲದ ಕೂಸು ಮಾಡಿದರೆ ಜನ ಅದನ್ನು ಅನಿವಾರ್ಯತೆ ಎನ್ನುತ್ತಾರೆ. ಇದ್ದ ಕೂಸು ಮಾಡಿದರೆ ಅದು ಮರ್ಯಾದೆಯಾಗುತ್ತದೆ.

ಹಾಗಾದರೆ ತಂದೆಗೆ ಅನ್ಯಾಯವಾಗುವುದಿಲ್ಲವೇ ಎಂಬ ಆಕ್ಷೇಪವಿದೆ. ನನಗೆ ಹಾಗೆ ತೋರುವುದಿಲ್ಲ. ಅಡ್ಡಹೆಸರು ತಂದೆಯ ಮನೆತನದ್ದೇ ಆಗಿ ಉಳಿಯುತ್ತದೆ. ಜನನ ಪ್ರಮಾಣಪತ್ರದಲ್ಲಿ ತಂದೆಯ ಹೆಸರಿಗೆ ಬೇರೆಯೇ ಜಾಗವಿದೆ. ಈಗಿನ ಕ್ರಮದಲ್ಲಿ ಮೂರು ಅಂಕಣಗಳಲ್ಲಿ ಎರಡು ತಂದೆಯ ಕಡೆಯವು. ಒಂದನ್ನು ತಾಯಿಗೆ ಬಿಟ್ಟರೆ ಲೆಕ್ಕ ಸಮವಾಗುತ್ತದೆ. ತಂದೆಯ ಹೆಸರೂ ಇರಲೇಬೇಕೆಂದು ಮನೆಯ ಹಿರಿಯರು ಹಟ ಹಿಡಿದರೆ ಮಹಾರಾಷ್ಟ್ರದ ಕ್ರಮದಂತೆ ಎರಡನ್ನೂ ಇಡಬಹುದು. ಹೆಸರು ತುಸು ಉದ್ದವಾದೀತು, ಅಷ್ಟೇ.

ತಾಯಿಯ ಹೆಸರನ್ನು ನಡುವೆ ಇಡುವುದರಿಂದ ಇನ್ನೊಂದು ಉಪಕಾರವೂ ಇದೆ. ನಮ್ಮಲ್ಲಿ ಹೆಣ್ಣಿನ ಹೆಸರು ಬೇಗ ಮರೆಯಾಗುತ್ತದೆ. ಮಗು ಹುಟ್ಟಿದ ಮೇಲೆ ಅವಳು ಇಂಥವನ ಅವ್ವ, ಮುಂದೆ ಇಂಥವನ ಆಯಿ. ಮುತ್ತಜ್ಜನ ಹೆಸರನ್ನು ತಡವರಿಸದೆ ಹೇಳುವ ನೀವು ಮುತ್ತಜ್ಜಿಯ ಹೆಸರನ್ನು ಹೇಳಬಲ್ಲಿರಾ? ಅಮೆರಿಕದಲ್ಲಿರುವ ನನ್ನ ಕೆಲವು ವಿದ್ಯಾರ್ಥಿಗಳು ಮಗುವಿಗೆ ಆಧುನಿಕವಾದ ಚಿಕ್ಕ ಹೆಸರಿಟ್ಟು, ನಡುವೆ ಅಜ್ಜಿಯ ಹೆಸರು ಇಡಬಹುದೇ ಎಂದು ಕೇಳಿದ್ದುಂಟು. ಅಗತ್ಯವಾಗಿ ಇಡಿ. ಹಿರಿಯರ ಹೆಸರನ್ನು ಮೊಮ್ಮಕ್ಕಳಿಗೆ ಇಡುವುದು ನಮ್ಮ ಹಳೆಯ ಪದ್ಧತಿಯೇ. ನೀಲವ್ವ, ಗುರುಬಾಯಿ, ಶಾಂತವ್ವ ಎಂಬ ಹೆಸರುಗಳು ಹೀಗಾದರೂ ಇನ್ನೊಂದು ತಲೆಮಾರು ಬದುಕಲಿ.

ಇವೆಲ್ಲಕ್ಕಿಂತ ಮುಖ್ಯವಾದ ಮಾತು ಒಂದಿದೆ. ನಡುವಿನ ಅಂಕಣಕ್ಕೆ ತಾಯಿ ಬರಲಿ, ತಂದೆ ಬರಲಿ, ಅಜ್ಜಿ ಬರಲಿ. ಬಂದವರು ಮತ್ತೆ ಹೊರಗೆ ಹೋಗಬಾರದು. ಹೆಸರಿಡುವ ದಿನವೇ ತಂದೆತಾಯಿ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕು: ಈ ಹೆಸರು ಜನನ ಪ್ರಮಾಣಪತ್ರದಿಂದ ನಿವೃತ್ತಿ ವೇತನದವರೆಗೆ ಇವಳದೇ. ಮುಂದೆ ಬೀಗರ ಮನೆಯಲ್ಲಿ ಮಾತುಕತೆ ನಡೆಯುವಾಗ ವರೋಪಚಾರ, ಬಂಗಾರ, ಊಟದ ಎಲೆ ಎಂದು ನೂರು ಸಂಗತಿ ಮಾತಾಡುವ ನಾವು, "ಹುಡುಗಿಯ ಹೆಸರು ಇದ್ದ ಹಾಗೇ ಇರಬೇಕು" ಎಂಬ ಒಂದು ಮಾತನ್ನೂ ಆಡಬೇಕು. ಸ್ವಇಚ್ಛೆಯಿಂದ ಬದಲಿಸುವೆನೆಂದು ಮಗಳೇ ಹೇಳಿದರೆ ಅದು ಬೇರೆ. ಕೇಳದೆ ಬದಲಿಸುವುದು ನಿಲ್ಲಬೇಕು.

ಹೊಸದಾಗಿ ತಂದೆತಾಯಿಯರಾದ ನನ್ನ ವಿದ್ಯಾರ್ಥಿಗಳಿಗೆ ಕೆಲವು ವ್ಯವಹಾರದ ಸೂಚನೆಗಳು. ಜನನವನ್ನು 21 ದಿನಗಳ ಒಳಗೆ ನೋಂದಾಯಿಸಬೇಕು. ಆದರೆ ಹೆಸರು ಅಷ್ಟರಲ್ಲಿ ಗೊತ್ತಾಗಲೇಬೇಕೆಂದಿಲ್ಲ. ಹೆಸರಿಲ್ಲದೆ ನೋಂದಾಯಿಸಿ, 12 ತಿಂಗಳ ಒಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಅನಂತರವೂ 15 ವರ್ಷಗಳವರೆಗೆ ಶುಲ್ಕ ಕೊಟ್ಟು ಸೇರಿಸಲು ಅವಕಾಶವಿದೆ. ಆದ್ದರಿಂದ ಆಸ್ಪತ್ರೆಯಲ್ಲಿ ಅವಸರ ಮಾಡಿ ಅರೆಬರೆ ಹೆಸರು ಬರೆಸಬೇಡಿ. 2023ರ ಅಕ್ಟೋಬರ್ 1ರಂದು ಮತ್ತು ಅನಂತರ ಹುಟ್ಟಿದವರಿಗೆ ಶಾಲೆ, ಮತದಾರರ ಪಟ್ಟಿ, ಪಾಸ್‌ಪೋರ್ಟ್, ಸರಕಾರಿ ನೌಕರಿ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಆಧಾರವೆಂದು ತಿದ್ದುಪಡಿಯಾದ ಕಾಯ್ದೆ ಹೇಳುತ್ತದೆ. ಅಲ್ಲಿ ಬರೆಸಿದ ಅಕ್ಷರವೇ ಜೀವನಪೂರ್ತಿ ನಡೆಯುತ್ತದೆ.

ಇನ್ನೊಂದು ಮಾತು ನೆನಪಿರಲಿ. ನಮ್ಮ ಪಾಸ್‌ಪೋರ್ಟಿನಲ್ಲಿ ನಡುವಿನ ಹೆಸರಿಗೆ ಪ್ರತ್ಯೇಕ ಮನೆಯಿಲ್ಲ. ಸ್ವಂತ ಹೆಸರಿನ ಮನೆಯಲ್ಲಿಯೇ ಅದನ್ನೂ ಬರೆದು, ಅಡ್ಡಹೆಸರನ್ನು ಬೇರೆ ಮನೆಯಲ್ಲಿ ಬರೆಯಬೇಕು. ಅಡ್ಡಹೆಸರಿನ ಮನೆಯನ್ನು ಖಾಲಿ ಬಿಟ್ಟವರು ಹೊರದೇಶಕ್ಕೆ ಹೋಗುವಾಗ ಪೇಚಿಗೆ ಸಿಕ್ಕಿಕೊಂಡಿದ್ದಾರೆ. ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಹೆಸರಿನ ಕಾಗುಣಿತವನ್ನು ಮೊದಲೇ ನಿರ್ಧರಿಸಿ, ಒಂದು ಹಾಳೆಯಲ್ಲಿ ಬರೆದಿಟ್ಟು, ಎಲ್ಲ ಕಡೆಯೂ ಅದನ್ನೇ ನೋಡಿ ಬರೆಸಿ. ಇನಿಷಿಯಲ್ ಬೇಡ, ಪೂರ್ಣ ಹೆಸರೇ ಇರಲಿ. ಇದು ಸಾವಿರಾರು ಪ್ರವೇಶ ಅರ್ಜಿಗಳನ್ನು ತಾಳೆ ನೋಡಿದವಳ ಮಾತು.

ಕಡೆಯದಾಗಿ ನನ್ನ ತರಗತಿಗಳಲ್ಲಿ ಓದಿ ಇಂದು ತಂದೆಯಂದಿರಾಗಿರುವ ಹುಡುಗರಿಗೆ ಒಂದು ಮಾತು. ಈ ವಿಷಯದಲ್ಲಿ ಮೊದಲ ಹೆಜ್ಜೆ ಇಡಬೇಕಾದವರು ನೀವು. ತನ್ನ ಹೆಸರನ್ನು ಮಗಳ ನಡುವೆ ಇಡಿರೆಂದು ಬಾಣಂತಿ ತಾನಾಗಿಯೇ ಕೇಳುವುದು ಕಷ್ಟ. ಕೇಳಿದರೆ ಸೊಸೆಗೆ ಸೊಕ್ಕು ಬಂತೆನ್ನುವವರು ಇದ್ದೇ ಇದ್ದಾರೆ. ಅದೇ ಮಾತನ್ನು ನೀವು ಆಡಿದರೆ ಮನೆಯವರು ಒಂದೆರಡು ದಿನ ಗೊಣಗಿ ಸುಮ್ಮನಾಗುತ್ತಾರೆ. ತೊಟ್ಟಿಲ ಬಳಿ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವಾಗ, ಅದರ ಜೊತೆಗೆ ಹೆತ್ತವಳ ಹೆಸರನ್ನೂ ಹೇಳುವಂತೆ ನಿಮ್ಮ ಅಕ್ಕತಂಗಿಯರಿಗೆ ಮೊದಲೇ ತಿಳಿಸಿರಿ. ಹೆಸರು ಕೇಳುವ ವಯಸ್ಸಿಗೆ ಬಂದಾಗ ಮಗಳು ಅದರ ಅರ್ಥವನ್ನು ಕೇಳುತ್ತಾಳೆ. ಆಗ ನಿಮ್ಮ ಬಳಿ ಹೇಳಲು ಒಳ್ಳೆಯ ಉತ್ತರವಿರುತ್ತದೆ.

ನಿಮ್ಮ ಮನೆಗಳಲ್ಲಿ ಏನು ಮಾಡಿದಿರಿ, ಹಿರಿಯರು ಏನೆಂದರು, ಬಿಡುವಾದಾಗ ಬರೆದು ತಿಳಿಸಿರಿ. ಒಪ್ಪದಿರುವವರೂ ಬರೆಯಿರಿ. ಶುಭವಾಗಲಿ.